ಚೀಟಿ ಕೂಗೋ ಮುಂಚೆ ಈ ಲೆಕ್ಕ ಒಂದ್ಸಲ ಹಾಕಿ ನೋಡಿ

ನಮ್ಮ ಕಡೆ ಮನೆ ದುಡ್ಡಿನ ಮಾತು ಬಂದ್ರೆ ಬ್ಯಾಂಕು, ಮ್ಯೂಚುವಲ್ ಫಂಡು ಎಲ್ಲ ಆಮೇಲೆ, ಮೊದಲು ಬರೋದು ಚೀಟಿ. ಮಗಳ ಮದುವೆಗೆ ಅಂತ ಒಂದು ಚೀಟಿ, ಸೈಟ್ ಅಡ್ವಾನ್ಸಿಗೆ ಅಂತ ಒಂದು, ಜೂನ್ ತಿಂಗಳ ಸ್ಕೂಲ್ ಫೀಸಿಗೆ ಇನ್ನೊಂದು ಸಣ್ಣದು. ನಮ್ಮಮ್ಮ ಮೂವತ್ತು ವರ್ಷದಿಂದ ಚೀಟಿ ಹಾಕ್ತಿದಾರೆ, ಒಂದು ಉದ್ದದ ನೋಟ್‌ಬುಕ್ಕಲ್ಲಿ ಪ್ರತಿ ತಿಂಗಳು ಯಾರು ಎತ್ತಿದ್ರು, ಎಷ್ಟು ಬಿಟ್ರು, ತಾವು ಎಷ್ಟು ಕಟ್ಟಿದ್ರು ಅಂತ ಬರೆದಿಟ್ಟಿದಾರೆ. ಒಂದಿನ ಸುಮ್ನೆ ಕೇಳ್ದೆ, "ಅಮ್ಮ, ಇದ್ರಲ್ಲಿ ನಿಂಗೆ ವರ್ಷಕ್ಕೆ ಎಷ್ಟು ಬಡ್ಡಿ ಬೀಳುತ್ತೆ?" ಅಂತ. "ಬಡ್ಡಿ ಲೆಕ್ಕ ಎಲ್ಲ ನಂಗೊತ್ತಿಲ್ಲಪ್ಪ, ಕೊನೇಲಿ ಎತ್ತಿದ್ರೆ ಲಾಭ, ಮೊದಲು ಎತ್ತಿದ್ರೆ ಲಾಸು, ಅಷ್ಟೇ" ಅಂದ್ರು. ಮಾತು ಹೆಚ್ಚುಕಮ್ಮಿ ಸರೀನೇ. ಆದ್ರೆ ಆ ಲಾಭ ಎಷ್ಟು, ಆ ಲಾಸ್ ಎಷ್ಟು, ಅದು ಎಲ್ಲಿಂದ ಬರುತ್ತೆ ಅನ್ನೋದು ಗೊತ್ತಿಲ್ದೇ ಇದ್ರೆ ಚೀಟಿ ಹಾಕೋದೋ ಬೇಡ್ವೋ ಅಂತ ತೀರ್ಮಾನ ಮಾಡೋಕೇ ಆಗಲ್ಲ. ಅದಕ್ಕೇ ಆ ನೋಟ್‌ಬುಕ್ ಇಟ್ಕೊಂಡು ಕೂತು ಲೆಕ್ಕ ಹಾಕ್ದೆ, ಇಲ್ಲಿ ಬರೀತಿರೋದು ಅದೇ, ಅಂಕಿಗಳನ್ನ ಮಾತ್ರ ಸ್ವಲ್ಪ ದುಂಡು ಮಾಡಿದೀನಿ.

ಚೀಟಿ ಗೊತ್ತಿಲ್ದೇ ಇರೋರಿಗೆ ಮೊದಲು ಅದು ನಡೆಯೋ ರೀತಿ ಹೇಳ್ಬಿಡ್ತೀನಿ. 20 ಜನ, ತಿಂಗಳಿಗೆ 5,000, ಒಟ್ಟು 20 ತಿಂಗಳು, ಇದು 1 ಲಕ್ಷದ ಚೀಟಿ. ಪ್ರತಿ ತಿಂಗಳು 1 ಲಕ್ಷ ಸೇರುತ್ತೆ, ಅದನ್ನ ಒಬ್ಬರು ಎತ್ಕೊಂಡು ಹೋಗ್ತಾರೆ. ಯಾರು ಅಂತ ತೀರ್ಮಾನ ಆಗೋದು ಕೂಗಿನಲ್ಲಿ. ದುಡ್ಡು ಬೇಕಾದೋರು "ನಾನು 20 ಬಿಡ್ತೀನಿ", "ನಾನು 25 ಬಿಡ್ತೀನಿ" ಅಂತ ಕೂಗ್ತಾ ಹೋಗ್ತಾರೆ, ಜಾಸ್ತಿ ಬಿಟ್ಟೋರಿಗೆ ಚೀಟಿ. 30,000 ಬಿಟ್ಟು ಎತ್ತಿದ್ರೆ ಕೈಗೆ ಬರೋದು 70,000. ಬಿಟ್ಟ 30,000ದಲ್ಲಿ ಚೀಟಿ ನಡೆಸೋರಿಗೆ ಕಮಿಷನ್ ಅಂತ 5,000 ಹೋಗುತ್ತೆ, ಉಳಿದ 25,000ನ 20 ಜನಕ್ಕೂ ಹಂಚಿದ್ರೆ ತಲೆಗೆ 1,250, ಇದೇ ಡಿವಿಡೆಂಡ್. ಹಾಗಾಗಿ ಆ ತಿಂಗಳು ಎಲ್ಲರೂ 5,000 ಬದಲು 3,750 ಕಟ್ಟಿದ್ರೆ ಸಾಕು. ಒಂದ್ಸಲ ಎತ್ತಿದೋರು ಮತ್ತೆ ಕೂಗೋ ಹಾಗಿಲ್ಲ, ಆದ್ರೆ ಕೊನೇ ತಿಂಗಳವರೆಗೂ ಕಟ್ತಾ ಇರ್ಬೇಕು. ಕೆಲವು ಕಡೆ ಎತ್ತಿದ ಮೇಲೆ ಡಿವಿಡೆಂಡ್ ಸಿಗಲ್ಲ, ಪೂರ್ತಿ 5,000 ಕಟ್ಟಬೇಕು ಅನ್ನೋ ನಿಯಮ ಇರುತ್ತೆ, ಸೇರೋ ಮುಂಚೆ ಇದನ್ನ ಬಾಯಿಬಿಟ್ಟು ಕೇಳ್ಕೊಳ್ಳಿ, ಯಾಕಂದ್ರೆ ಇದೊಂದರಿಂದ ಲೆಕ್ಕ ಪೂರ್ತಿ ಬದಲಾಗುತ್ತೆ.

ಈಗ ನೋಟ್‌ಬುಕ್ಕಿನ ಲೆಕ್ಕ. ಮೊದಲ 5 ತಿಂಗಳು ಎಲ್ಲರಿಗೂ ಅರ್ಜೆಂಟು, ಕೂಗು 30,000ಕ್ಕೆ ನಿಲ್ತಿತ್ತು, ಆಗ ಕಟ್ಟಿದ್ದು 3,750. ಮುಂದಿನ 5 ತಿಂಗಳು 22,000, ಕಟ್ಟಿದ್ದು 4,150. ಆಮೇಲಿನ 5 ತಿಂಗಳು 14,000, ಕಟ್ಟಿದ್ದು 4,550. 16ರಿಂದ 19ನೇ ತಿಂಗಳು 8,000, ಕಟ್ಟಿದ್ದು 4,850. ಕೊನೇ ತಿಂಗಳು ಕೂಗೋಕೆ ಯಾರೂ ಇಲ್ಲ, ಕಮಿಷನ್ 5,000 ಮಾತ್ರ ಹಿಡಿದು 95,000 ಕೈಗೆ, ಕಟ್ಟಿದ್ದು 5,000. ಎಲ್ಲ ಕೂಡಿದ್ರೆ ಒಬ್ಬೊಬ್ಬರು 20 ತಿಂಗಳಲ್ಲಿ ಕಟ್ಟಿದ್ದು 86,650.

ಕೊನೇಲಿ ಎತ್ತಿದ ಅಮ್ಮಂಗೆ 86,650 ಕಟ್ಟಿ 95,000 ಬಂತು, ಲಾಭ 8,350. ದುಡ್ಡು ಕಂತು ಕಂತಾಗಿ ಹೋಗಿದ್ರಿಂದ ಇದನ್ನ ನೇರವಾಗಿ ಪರ್ಸೆಂಟ್ ಮಾಡೋ ಹಾಗಿಲ್ಲ, ಎಕ್ಸೆಲ್‌ನಲ್ಲಿ ಐಆರ್‌ಆರ್ (ಬೇರೆ ಬೇರೆ ತಿಂಗಳು ಹೋದ, ಬಂದ ದುಡ್ಡಿಗೆ ಒಟ್ಟಾರೆ ಎಷ್ಟು ಬಡ್ಡಿ ಬಿತ್ತು ಅನ್ನೋ ಲೆಕ್ಕ) ಹಾಕಿ ನೋಡ್ದೆ, ವರ್ಷಕ್ಕೆ ಸುಮಾರು 12% ಬಂತು. ನಮ್ಮ ಕಡೆ ಲೆಕ್ಕದಲ್ಲಿ ಹೇಳೋದಾದ್ರೆ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ. ಮೊದಲನೇ ತಿಂಗಳೇ ಎತ್ತಿದೋರ ಲೆಕ್ಕ ನೋಡಿ. ಕೈಗೆ 70,000 ಬಂತು, ಆ ತಿಂಗಳ ಕಂತು 3,750 ಅಲ್ಲೇ ಕಟ್ಟಿದ್ರು, ಉಳಿದಿದ್ದು 66,250. ಆಮೇಲೆ 19 ತಿಂಗಳಲ್ಲಿ ಕಟ್ಟಿದ್ದು 82,900. ಅದು ವರ್ಷಕ್ಕೆ 26 ರಿಂದ 27% ಬಡ್ಡಿ ಆಗುತ್ತೆ, ಅಂದ್ರೆ ನೂರಕ್ಕೆ ಸುಮಾರು ಎರಡೂಕಾಲು ರೂಪಾಯಿ.

ಇಲ್ಲಿಗೆ ಚೀಟಿ ಅಂದ್ರೆ ಏನು ಅನ್ನೋದು ಸ್ಪಷ್ಟ ಆಯ್ತಲ್ವಾ. ಅದು ಉಳಿತಾಯನೂ ಹೌದು, ಸಾಲಾನೂ ಹೌದು. ಮೊದಲು ಎತ್ತಿದೋರು ಎರಡೂಕಾಲು ರೂಪಾಯಿ ಬಡ್ಡಿಗೆ ಸಾಲ ಮಾಡಿದಾರೆ, ಕೊನೇಲಿ ಎತ್ತಿದೋರು ಒಂದು ರೂಪಾಯಿ ಬಡ್ಡಿಗೆ ಅವರಿಗೆಲ್ಲ ಸಾಲ ಕೊಟ್ಟಿದಾರೆ, ನಡುವೆ ಇರೋ ವ್ಯತ್ಯಾಸದಲ್ಲಿ ನಡೆಸೋರ ಕಮಿಷನ್ ಹೋಗಿದೆ. ಅಮ್ಮನ 8,350 ರೂಪಾಯಿ ಆಕಾಶದಿಂದ ಬಿದ್ದಿದ್ದಲ್ಲ, ಆಸ್ಪತ್ರೆ ಬಿಲ್ಲಿಗೋ ಬಾಡಿಗೆ ಅಡ್ವಾನ್ಸಿಗೋ ಅಂತ ಜೋರಾಗಿ ಕೂಗಿ ಎತ್ತಿದ ಅಕ್ಕಪಕ್ಕದೋರ ಕಷ್ಟದಿಂದ ಬಂದಿದ್ದು. ಇದನ್ನ ಹೇಳ್ದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಾದ್ರು.

ಇದರಿಂದ ಇನ್ನೊಂದು ವಿಷಯ ಹೊರಗೆ ಬರುತ್ತೆ, ಇದನ್ನ ತುಂಬಾ ಜನ ಗಮನಿಸಿಲ್ಲ. ಕೂಗು ಜೋರಾಗಿ ಇಲ್ಲ ಅಂದ್ರೆ ಕೊನೆಯೋರಿಗೆ ಏನೂ ಸಿಗಲ್ಲ. ಅದೇ 1 ಲಕ್ಷದ ಚೀಟೀಲಿ ಪ್ರತಿ ತಿಂಗಳು 10,000ಕ್ಕೇ ಕೂಗು ನಿಂತ್ರೆ ಡಿವಿಡೆಂಡ್ ತಲೆಗೆ ಬರೀ 250, 19 ತಿಂಗಳು 4,750 ಕಟ್ಟಿ ಕೊನೇ ತಿಂಗಳು 5,000 ಕಟ್ಟಿದ್ರೆ ಒಟ್ಟು 95,250. ಕೈಗೆ ಬರೋದು 95,000. ಒಂದೂ ಮುಕ್ಕಾಲು ವರ್ಷ ಹತ್ತಿರ ಕಾದು 250 ರೂಪಾಯಿ ಲಾಸು. ಎಲ್ಲರೂ ಸಂಬಳದೋರು, ಯಾರಿಗೂ ಅರ್ಜೆಂಟ್ ಇಲ್ಲ, ಎಲ್ಲರೂ ಕೊನೇಲಿ ಎತ್ತೋಣ ಅಂತ ಕೂತಿರೋ ಆಫೀಸ್ ಚೀಟಿಗಳಲ್ಲಿ ಹೀಗೇ ಆಗೋದು. ಹಾಗಂತ ಕೂಗು ತುಂಬಾ ಜೋರಾಗಿರೋ ಚೀಟಿ ಹುಡುಕ್ಕೊಂಡು ಹೋಗೋದೂ ಅಪಾಯ, ಯಾಕಂದ್ರೆ ಶುರುವಿನಲ್ಲೇ ಹಂಗೆ ಬಿಟ್ಟು ಎತ್ತೋರು ಆಗ್ಲೇ ಕಷ್ಟದಲ್ಲಿ ಇರೋರು, ಮುಂದಿನ ಕಂತು ನಿಲ್ಸೋದು ಕೂಡ ಅವರೇ.

ಈಗ ಬ್ಯಾಂಕಿನ ಜೊತೆ ಹೋಲಿಸಿ. ಅಮ್ಮ ಕಟ್ಟಿದ ಅದೇ ಕಂತುಗಳನ್ನ ಅದೇ ತಿಂಗಳುಗಳಲ್ಲಿ 7% ಬಡ್ಡಿಗೆ ಆರ್‌ಡಿ (ತಿಂಗಳು ತಿಂಗಳು ಕಟ್ಟೋ ಡಿಪಾಸಿಟ್ಟು) ಥರ ಬ್ಯಾಂಕಲ್ಲಿ ಹಾಕಿದ್ರೆ 20 ತಿಂಗಳಿಗೆ ಬಡ್ಡಿ ಸುಮಾರು 4,600 ಬರ್ತಿತ್ತು. ಚೀಟೀಲಿ ಬಂದಿದ್ದು 8,350. ಜಾಸ್ತಿ ಸಿಕ್ಕಿದ್ದು 3,750. ಈ 3,750 ರೂಪಾಯಿಗೋಸ್ಕರ 86,650 ರೂಪಾಯಿನ ಬೇರೆಯೋರ ಮಾತಿನ ಮೇಲೆ ಇಟ್ಟಿರ್ತೀವಿ. ಇನ್ನೊಂದು ಥರ ಹೇಳ್ತೀನಿ, ಇಂಥ 23 ಚೀಟಿ ಒಂದೂ ತೊಂದರೆ ಇಲ್ದೇ ಮುಗಿದು, ಒಂದೇ ಒಂದು ಕೊನೆ ಹತ್ತಿರ ಬಂದು ಮುಳುಗಿದ್ರೆ, ಬ್ಯಾಂಕಿಗಿಂತ ಜಾಸ್ತಿ ಸಿಕ್ಕಿದ್ದೆಲ್ಲ ಅಲ್ಲಿಗೆ ಹೋಯ್ತು. ಜೀವನದಲ್ಲಿ 23 ಚೀಟಿ ಹಾಕಿರೋರು ನಮ್ಮಲ್ಲಿ ಎಷ್ಟು ಜನ ಇದ್ದೀವಿ?

ಮುಳುಗೋದು ಹೇಗೆ ಅಂತಾನೂ ಹತ್ತಿರದಿಂದ ನೋಡಿದೀನಿ. ಚೀಟಿ ನಡೆಸೋರು ರಾತ್ರೋರಾತ್ರಿ ಬೀಗ ಹಾಕ್ಕೊಂಡು ಓಡಿಹೋದ್ರು ಅಂತಾನೇ ನಾವು ಕೇಳಿರ್ತೀವಿ, ಮೋಸ ಮಾಡ್ಬೇಕು ಅಂತಾನೇ ಶುರು ಮಾಡೋರು ಇದಾರೆ ನಿಜ, ಆದ್ರೆ ನಮ್ಮ ರಸ್ತೇಲಿ ಹಾಗಾಗ್ಲಿಲ್ಲ. ಚೀಟಿ ನಡೆಸ್ತಿದ್ದ ಅಕ್ಕ ಒಳ್ಳೆಯೋರೇ, ಹತ್ತು ವರ್ಷ ನಡೆಸಿದ್ರು, ಪ್ರತಿ ತಿಂಗಳ ಮೊದಲ ಭಾನುವಾರ ಅವರ ಮನೆ ಹಾಲಲ್ಲಿ ಚಾಪೆ ಹಾಸಿ ಕೂಗು, ಆಮೇಲೆ ಎಲ್ಲರಿಗೂ ಕಾಫಿ. ಒಂದು ಚೀಟೀಲಿ 3ನೇ, 4ನೇ ತಿಂಗಳಲ್ಲಿ ಎತ್ತಿದ್ದ ಇಬ್ಬರು 8ನೇ ತಿಂಗಳಿಂದ ಕಟ್ಟೋದು ನಿಲ್ಸಿದ್ರು. ಒಬ್ಬರಿಗೆ ಗಾರ್ಮೆಂಟ್ಸ್ ಕೆಲಸ ಹೋಗಿತ್ತು. ಇಬ್ಬರ ಕಂತು ಸೇರಿ ತಿಂಗಳಿಗೆ 8,000ದಿಂದ 9,000 ಕಮ್ಮಿ ಬೀಳ್ತಿತ್ತು, ಅಕ್ಕನ ಕಮಿಷನ್ 5,000. ಮಿಕ್ಕಿದ್ದನ್ನ ಮೊದಲು ಕೈಯಿಂದ ಹಾಕಿದ್ರು, ಆಮೇಲೆ ಬಳೆ ಅಡ ಇಟ್ಟು ಹಾಕಿದ್ರು, ಅದೂ ಮುಗಿದ ಮೇಲೆ ತಾವೇ ನಡೆಸ್ತಿದ್ದ ಇನ್ನೊಂದು ಚೀಟಿ ದುಡ್ಡು ತೆಗೆದು ಈ ಚೀಟಿಗೆ ತುಂಬಿದ್ರು. ಅಲ್ಲಿಗೆ ಮುಗೀತು. ಒಂದು ಚೀಟಿಯ ತೂತು ಮೂರು ಚೀಟಿಗೂ ಹರಡ್ತು, 14ನೇ ತಿಂಗಳು ಎಲ್ಲ ಒಟ್ಟಿಗೆ ನಿಂತುಹೋಯ್ತು. ಅಮ್ಮ 14 ಕಂತು ಕಟ್ಟಿದ್ರು. ಆ ಅಕ್ಕ ಸಾವಿರ, ಎರಡು ಸಾವಿರ ಅಂತ ಎರಡು ವರ್ಷ ಕೊಟ್ಟು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತೀರಿಸಿದ್ರು. ಮಿಕ್ಕಿದ್ದು ಕೇಳೋಕೆ ಅಮ್ಮಂಗೆ ಮನಸ್ಸಾಗ್ಲಿಲ್ಲ, ಕೇಳೋಕೆ ಕಾಗದ ಕೂಡ ಒಂದೂ ಇರ್ಲಿಲ್ಲ.

ಕಾಗದ ಅಂದ್ನಲ್ಲ, ಆ ವಿಷಯಕ್ಕೆ ಬರ್ತೀನಿ. ಚೀಟಿ ನಡೆಸೋದು ಕಾನೂನಿಗೆ ವಿರುದ್ಧ ಅಲ್ಲ. 1982ರ ಚಿಟ್ ಫಂಡ್ ಕಾಯ್ದೆ ಇದೆ, ಅದರ ಪ್ರಕಾರ ಚೀಟಿ ಶುರು ಮಾಡೋ ಮುಂಚೆ ರಿಜಿಸ್ಟ್ರಾರ್ ಹತ್ರ ಅನುಮತಿ ತಗೋಬೇಕು, ಚೀಟಿ ಒಪ್ಪಂದ ಬರೆದು ನೋಂದಾಯಿಸಬೇಕು, ಚೀಟಿ ಮೊತ್ತಕ್ಕೆ ತಕ್ಕ ಡಿಪಾಸಿಟ್ಟೋ ಬೇರೆ ಭದ್ರತೆಯೋ ಇಡಬೇಕು, ಪ್ರತಿ ಕೂಗಿನ ನಡಾವಳಿ ಬರೆದು ಸಲ್ಲಿಸಬೇಕು, ಎತ್ತಿದೋರಿಂದ ಜಾಮೀನು ತಗೊಂಡ ಮೇಲೇ ದುಡ್ಡು ಕೊಡಬೇಕು. ಫೋರ್‌ಮನ್, ಅಂದ್ರೆ ಚೀಟಿ ನಡೆಸೋರ, ಕಮಿಷನ್ ಮೊದಲು 5% ಮೀರೋ ಹಾಗಿರ್ಲಿಲ್ಲ, 2019ರ ತಿದ್ದುಪಡಿಯಲ್ಲಿ 7%ಗೆ ಏರಿಸಿದ್ರು. ನಮ್ಮ ರಾಜ್ಯದಲ್ಲಿ ಸರ್ಕಾರದ್ದೇ ಕಂಪನಿ ಎಂಎಸ್ಐಎಲ್ ಕೂಡ ಚೀಟಿ ನಡೆಸುತ್ತೆ, ಪಕ್ಕದ ಕೇರಳದಲ್ಲಿ ಅಲ್ಲಿನ ಸರ್ಕಾರದ ಕಂಪನಿ ಕೆಎಸ್‌ಎಫ್‌ಇ 1969ರಿಂದ ನಡೆಸ್ತಿದೆ. ನೋಂದಣಿ ಆಗಿರೋ ಚೀಟೀಲಿ ಎತ್ತೋವಾಗ ಜಾಮೀನಿಗೆ ಸಂಬಳದೋರು ಬೇಕು, ಆಸ್ತಿ ಪತ್ರ ಬೇಕು ಅಂತ ಓಡಾಡಿಸ್ತಾರೆ ಅಂತ ಜನ ಬೇಜಾರು ಮಾಡ್ಕೋತಾರೆ. ಆದ್ರೆ ಆ ಜಾಮೀನೇ ನಿಮ್ಮನ್ನ ಕಾಪಾಡೋದು. ನಮ್ಮ ರಸ್ತೆ ಚೀಟೀಲಿ ಇಲ್ದೇ ಇದ್ದಿದ್ದು ಅದೇ.

ಹಾಗಂತ ನೋಂದಣಿ ಆಗಿದ್ರೆ ಪೂರ್ತಿ ಸೇಫ್ ಅಂತಾನೂ ಅಲ್ಲ. 1 ಲಕ್ಷದ ಚೀಟಿಗೆ 1 ಲಕ್ಷ ಭದ್ರತೆ ಇದೆ ಅಂದ್ಕೊಳ್ಳಿ, 15ನೇ ತಿಂಗಳಲ್ಲಿ ನಿಂತುಹೋದ್ರೆ ಇನ್ನೂ ಎತ್ತದೇ ಇರೋ 5 ಜನ ಅಲ್ಲಿವರೆಗೆ ಕಟ್ಟಿರೋದು ಮೇಲಿನ ಲೆಕ್ಕದಲ್ಲಿ ತಲಾ 62,250, ಒಟ್ಟು 3,11,250. ಮಿಕ್ಕಿದ್ದು ಎತ್ತಿದೋರಿಂದ ವಸೂಲಿ ಆಗಬೇಕು, ಅದಕ್ಕೆ ಟೈಮ್ ಹಿಡಿಯುತ್ತೆ. ಚೀಟಿ ದುಡ್ಡಿಗೆ ಬ್ಯಾಂಕ್ ಡಿಪಾಸಿಟ್ಟಿಗೆ ಇರೋ ಹಾಗೆ ವಿಮೆ ಇಲ್ಲ. ಬ್ಯಾಂಕಲ್ಲಾದ್ರೆ, ಸಹಕಾರಿ ಬ್ಯಾಂಕ್ ಸೇರಿ, ಒಬ್ಬರಿಗೆ ಒಂದು ಬ್ಯಾಂಕಲ್ಲಿ ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ, 2020ರ ಫೆಬ್ರವರಿಗೆ ಮುಂಚೆ ಅದು ಬರೀ 1 ಲಕ್ಷ ಇತ್ತು. ಇಲ್ಲಿ ಒಂದು ಮಾತು ಒತ್ತಿ ಹೇಳ್ತೀನಿ, ಸಹಕಾರಿ ಬ್ಯಾಂಕ್ ಬೇರೆ, ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿ ಬೇರೆ. ಬೋರ್ಡು, ಕೌಂಟರು, ಪಾಸ್‌ಬುಕ್ಕು ಎಲ್ಲ ಬ್ಯಾಂಕ್ ಥರಾನೇ ಕಾಣುತ್ತೆ, ಆದ್ರೆ ಸಂಘದ ಡಿಪಾಸಿಟ್ಟಿಗೆ ಆ 5 ಲಕ್ಷದ ವಿಮೆ ಇಲ್ಲ. ರಿಟೈರ್ ಆದಾಗ ಬಂದ ದುಡ್ಡನ್ನ ಒಂದೂವರೆ ಪರ್ಸೆಂಟ್ ಜಾಸ್ತಿ ಅಂತ ಪೂರ್ತಿ ಅಲ್ಲೇ ಇಡೋ ಅಂಕಲ್‌ಗಳಿಗೆ ದಯವಿಟ್ಟು ಯಾರಾದ್ರೂ ಇದನ್ನ ಕೂತು ಹೇಳಿ.

ಇನ್ನು ಲಕ್ಕಿ ಸ್ಕೀಮ್ ಅಂತ ಬರ್ತಾವಲ್ಲ, ತಿಂಗಳಿಗೆ 1,000 ಕಟ್ಟಿ, ಡ್ರಾದಲ್ಲಿ ಹೆಸರು ಬಂದ್ರೆ ಬೈಕು, ಆಮೇಲೆ ಕಂತು ಕಟ್ಟೋದೇ ಬೇಡ ಅಂತ, ಅದು ಚೀಟಿ ಅಲ್ಲವೇ ಅಲ್ಲ. 1978ರಲ್ಲೇ ಕಾನೂನು ಮಾಡಿ ಪ್ರೈಜ್ ಚಿಟ್ ನಿಷೇಧ ಮಾಡಿದಾರೆ. ಗೆದ್ದೋರು ಕಟ್ಟೋದು ನಿಲ್ಸಿದ್ರೆ ಆ ದುಡ್ಡು ಮಿಕ್ಕವರ ಕಂತಿನಿಂದಾನೇ ಬರಬೇಕು, ಹೊಸಬರು ಸೇರೋದು ನಿಂತ ದಿನ ಸ್ಕೀಮ್ ನಿಲ್ಲುತ್ತೆ. ಇದಕ್ಕೆ ಜಾಸ್ತಿ ವಿವರಣೆ ಬೇಡ, ಹಾಕ್ಬೇಡಿ.

ಸರಿ, ಈಗಾಗ್ಲೇ ಚೀಟಿ ಹಾಕಿದೀರಾ, ನಡುವೆ ದುಡ್ಡು ಬೇಕಾಯ್ತು, ಕೂಗ್ಬೇಕಾ ಬೇಡ್ವಾ? ಇದಕ್ಕೆ ಫೋನ್ ಕ್ಯಾಲ್ಕುಲೇಟರಲ್ಲೇ ಆಗೋ ಲೆಕ್ಕ ಇದೆ. ಎತ್ತಿದ ಮೇಲೂ ಡಿವಿಡೆಂಡ್ ಸಿಗೋ ಚೀಟಿ ಆದ್ರೆ ಎತ್ತಿದ್ರೂ ಎತ್ತದೇ ಇದ್ರೂ ಮುಂದಿನ ಕಂತು ಒಂದೇ, ಕಟ್ಟಲೇಬೇಕು, ಹಾಗಾಗಿ ಕಂತನ್ನ ಮರೆತುಬಿಡಿ. ನೋಡಬೇಕಾಗಿರೋದು ಇಷ್ಟೇ, ಈಗ ಎತ್ತಿದ್ರೆ ಎಷ್ಟು, ಕೊನೆವರೆಗೆ ಕಾದ್ರೆ ಎಷ್ಟು. 10ನೇ ತಿಂಗಳಲ್ಲಿ 22,000 ಬಿಟ್ಟು ಎತ್ತಿದ್ರೆ 78,000, ಇನ್ನು 10 ತಿಂಗಳು ಕಾದ್ರೆ 95,000. ವ್ಯತ್ಯಾಸ 17,000. ಅದನ್ನ 78,000ದಿಂದ ಭಾಗಿಸಿ, ನೂರರಿಂದ ಗುಣಿಸಿ, ಬಂದಿದ್ದನ್ನ 10 ತಿಂಗಳಿಂದ ಭಾಗಿಸಿ, ಸುಮಾರು 2.2 ಬರುತ್ತೆ. ಅಂದ್ರೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಇಪ್ಪತ್ತು ಪೈಸೆ ಬಡ್ಡಿಗೆ ಸಾಲ ತಗೊಂಡ ಹಾಗೆ. ಬ್ಯಾಂಕಲ್ಲಿ ಚಿನ್ನ ಅಡ ಇಟ್ರೆ ಹೆಚ್ಚುಕಮ್ಮಿ ನೂರಕ್ಕೆ ಒಂದು ರೂಪಾಯಿ ಒಳಗೇ ಬಡ್ಡಿ. ಬೀರುವಲ್ಲಿ ಎರಡು ಬಳೆ ಇದ್ರೆ ಅದನ್ನ ಬ್ಯಾಂಕಲ್ಲಿಟ್ಟು ಸಾಲ ತಗೊಳ್ಳಿ, ಚೀಟಿ ಕೊನೇಲಿ ಎತ್ತಿ ಬಿಡಿಸ್ಕೊಳ್ಳಿ, ಇದೇ ಅಗ್ಗ. ಆದ್ರೆ ನಿಮ್ಮ ಮುಂದೆ ಇರೋ ಬೇರೆ ದಾರಿ ನೂರಕ್ಕೆ ಐದು ರೂಪಾಯಿ ಮೀಟರ್ ಬಡ್ಡಿನೋ, ಅಥವಾ ತಿಂಗಳಿಗೆ ಮೂರೂವರೆ ಪರ್ಸೆಂಟ್ ಬೀಳೋ ಕ್ರೆಡಿಟ್ ಕಾರ್ಡ್ ಬಾಕಿನೋ ಆಗಿದ್ರೆ ಚೀಟಿ ಕೂಗೋದೇ ಮೇಲು. ಬ್ಯಾಂಕಲ್ಲಿ ಸಾಲ ಹುಟ್ಟದೇ ಇರೋ ಮನೆಗಳಿಗೆ ಚೀಟಿ ಎಷ್ಟು ದೊಡ್ಡ ಆಸರೆ ಅನ್ನೋದು ಈ ಲೆಕ್ಕದಲ್ಲೇ ಕಾಣುತ್ತೆ, ಅದನ್ನ ಕಡೆಗಣಿಸಿ ಚೀಟಿ ಅಂದ್ರೇ ಕೆಟ್ಟದ್ದು ಅನ್ನೋರ ಮಾತು ನಂಗೆ ಒಪ್ಪಿಗೆ ಇಲ್ಲ.

ಫ್ಲಾಟ್ ಬಡ್ಡಿ ಬಗ್ಗೆ ಇಲ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ಹೋಲಿಸೋವಾಗ ಇದರಲ್ಲಿ ಜನ ಏಮಾರ್ತಾರೆ. "ವರ್ಷಕ್ಕೆ 12% ಅಷ್ಟೇ" ಅಂತ 1 ಲಕ್ಷ ಎರಡು ವರ್ಷಕ್ಕೆ ಕೊಡ್ತಾರೆ, 24,000 ಬಡ್ಡಿ ಸೇರಿಸಿ 24 ಕಂತು ಮಾಡಿದ್ರೆ ತಿಂಗಳಿಗೆ 5,167. ಆದ್ರೆ ಅಸಲು ಪ್ರತಿ ತಿಂಗಳು ಕರಗ್ತಾ ಹೋಗುತ್ತೆ, ಬಡ್ಡಿ ಮಾತ್ರ ಕೊನೆವರೆಗೂ ಪೂರ್ತಿ 1 ಲಕ್ಷಕ್ಕೇ. ನಿಜವಾದ ಬಡ್ಡಿ 21.5% ಹತ್ತಿರ. ಸಾಲ ಕೊಡೋರ ಹತ್ರ "ಫ್ಲಾಟಾ, ರೆಡ್ಯೂಸಿಂಗಾ?" ಅಂತ, ಅಂದ್ರೆ ಪೂರ್ತಿ ಸಾಲಕ್ಕೆ ಬಡ್ಡಿನಾ, ಉಳಿದ ಅಸಲಿಗೆ ಮಾತ್ರನಾ ಅಂತ, ಒಂದೇ ಪ್ರಶ್ನೆ ಕೇಳಿ.

ಹಾಗಾದ್ರೆ ಮನೆ ದುಡ್ಡಲ್ಲಿ ಯಾವುದು ಚೀಟಿಗೆ ಹೋಗ್ಬೋದು? ನನ್ನ ಅಭಿಪ್ರಾಯ ಹೇಳ್ತೀನಿ. ಮನೆಗೆ ಮೂರು ನಾಲ್ಕು ತಿಂಗಳ ಖರ್ಚಿನಷ್ಟು ದುಡ್ಡು ಬ್ಯಾಂಕಲ್ಲಿ ಕೈಗೆ ಸಿಗೋ ಹಾಗೆ ಇರ್ಬೇಕು, ಅದು ಇಲ್ದೇ ಚೀಟಿ ಹಾಕಿದ್ರೆ ಯಾರಾದ್ರೂ ಹುಷಾರು ತಪ್ಪಿದ ತಿಂಗಳು ನೀವೇ ಜೋರಾಗಿ ಕೂಗೋರು ಆಗ್ತೀರಾ, ಕೊನೇಲಿ ಎತ್ತೋ ಲಾಭ ನಿಮಗಲ್ಲ. ತಾರೀಖು ಪಕ್ಕಾ ಇರೋ ಖರ್ಚು, ಅಂದ್ರೆ ಫೀಸು, ಇನ್ಶೂರೆನ್ಸ್ ಕಂತು, ಇದಕ್ಕೆ ಆರ್‌ಡಿ ಸಾಕು, ಜೂನ್ 1ಕ್ಕೆ ಫೀಸು ಕಟ್ಟಬೇಕಾದ ದುಡ್ಡನ್ನ ಇನ್ನೊಬ್ಬರ ಕೂಗಿನ ಮೇಲೆ ಬಿಡ್ಬಾರ್ದು. ಹದಿನೈದು ಇಪ್ಪತ್ತು ವರ್ಷ ಮುಟ್ಟದೇ ಇರೋ ದುಡ್ಡಿಗೆ ಸರ್ಕಾರದ ಉಳಿತಾಯ ಯೋಜನೆ ಪಿಪಿಎಫ್, ಹೆಣ್ಣುಮಗು ಇದ್ರೆ ಸುಕನ್ಯಾ ಸಮೃದ್ಧಿ, ಏರಿಳಿತ ತಡ್ಕೊಳ್ಳೋ ಮನಸ್ಸಿದ್ರೆ ಎಸ್‌ಐಪಿ, ಅಂದ್ರೆ ತಿಂಗಳು ತಿಂಗಳು ಮ್ಯೂಚುವಲ್ ಫಂಡಿಗೆ ಹಾಕೋದು. ಪಿಪಿಎಫ್ ಬಡ್ಡಿ 2020ರ ಏಪ್ರಿಲ್‌ನಲ್ಲಿ 7.1% ಆಗಿ ಆಮೇಲೆ ವರ್ಷಗಟ್ಟಲೆ ಅಲ್ಲೇ ನಿಂತಿದೆ, ಒಂದು ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಹಾಕ್ಬೋದು, ತಿಂಗಳ 5ನೇ ತಾರೀಖಿನ ಒಳಗೆ ಹಾಕಿದ್ರೆ ಮಾತ್ರ ಆ ತಿಂಗಳ ಬಡ್ಡಿ ಸಿಗುತ್ತೆ, 6ಕ್ಕೆ ಹಾಕಿದ್ರೆ ಇಲ್ಲ. ಇಷ್ಟೆಲ್ಲ ಆದ ಮೇಲೆ ಉಳಿದ ದುಡ್ಡಲ್ಲಿ, ಪೂರ್ತಿ ಮುಳುಗಿದ್ರೂ ಮನೆ ನಡೆಯೋಕೆ ತೊಂದರೆ ಆಗದಷ್ಟಕ್ಕೆ ಒಂದು ಚೀಟಿ. ಒಂದೇ. ಒಬ್ಬರೇ ನಡೆಸೋ ಮೂರು ಚೀಟೀಲಿ ಮೂರು ಹೆಸರು ಹಾಕೋದು ಬೇಡ.

2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಶುರುವಾದ ಮೇಲೆ ಆ 2,000ವನ್ನೇ ನಂಬ್ಕೊಂಡು ಚೀಟಿ ಸೇರಿರೋರನ್ನ ನಾನು ನೋಡಿದೀನಿ. ಆ ದುಡ್ಡು ಉಳಿಸ್ಬೇಕು ಅನ್ನೋ ಆಸೆ ತುಂಬಾ ದೊಡ್ಡದು, ಆದ್ರೆ ಅದು ಪ್ರತಿ ತಿಂಗಳು ಇದೇ ತಾರೀಖಿಗೆ ಬೀಳುತ್ತೆ ಅಂತ ಇಲ್ಲ, ಚೀಟಿ ಕಂತು ಮಾತ್ರ ತಾರೀಖು ತಪ್ಪೋ ಹಾಗಿಲ್ಲ. ಬಂದಾಗ ಬಂದಷ್ಟನ್ನ ಅದೇ ಖಾತೆಯಲ್ಲಿ ಎಫ್‌ಡಿ ಮಾಡ್ಸೋದು ಅದಕ್ಕೆ ಸರಿಹೊಂದುತ್ತೆ.

ಈಗಾಗ್ಲೇ ಚೀಟೀಲಿ ಇದ್ರೆ ಮುಂದಿನ ಕೂಗಿಗೆ ಹೋದಾಗ ಎತ್ತಿದೋರು ಎಲ್ಲರೂ ಈ ತಿಂಗಳು ಕಟ್ಟಿದಾರಾ ಅಂತ ಕೇಳಿ, ಪುಸ್ತಕ ತೋರ್ಸಿ ಅನ್ನಿ. ಮುಜುಗರ ಆಗುತ್ತೆ, ಗೊತ್ತು, ಕಾಫಿ ಕೊಟ್ಟ ಮನೇಲಿ ಲೆಕ್ಕ ಕೇಳೋದು ಹೇಗೆ ಅಂತ ನಮ್ಮಮ್ಮನೂ ಹತ್ತು ವರ್ಷ ಕೇಳ್ಲಿಲ್ಲ. ಈಗ ಎಂಟು ಜನ ಸೇರಿ ಒಂದು ಸಣ್ಣ ಚೀಟಿ ನಡೆಸ್ತಿದಾರೆ, ತಿಂಗಳಿಗೆ 1,000, ಕಮಿಷನ್ ಇಲ್ಲ, ಕೂಗೂ ಇಲ್ಲ, ಯಾರಿಗೆ ಬೇಕೋ ಅವರು ಹೇಳಿ ತಗೋತಾರೆ. ಮೊದಲ ತಿಂಗಳೇ ಅಮ್ಮ ನೋಟ್‌ಬುಕ್ ತಗೊಂಡು ಹೋಗಿ ಎಲ್ಲರ ಕೈಲೂ ಅವರವರ ಹೆಸರಿನ ಮುಂದೆ ಸೈನ್ ಹಾಕ್ಸಿಕೊಂಡು ಬಂದ್ರು.